ಬಿಸಾಕದ ಕಾಂಕ್ರೀಟು

ಕಟ್ಟಡ ಬಿದ್ದೀತು ಅನ್ನುವ ಭಯ ನನಗೆ ಹುಟ್ಟಿದ್ದು ಆಮೇಲೆ. ಅದಕ್ಕೂ ಮೊದಲು ನನಗಿದ್ದದ್ದು ಸಿಟ್ಟು, ಅದೂ ಸೈಟಿನ ಹಿಂದೆ ಬೀಳುವ ಕಸದ ಗುಡ್ಡೆಯ ಮೇಲೆ. ಡಿಪ್ಲೊಮಾ ಮುಗಿಸಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿ ಸೇರಿದಾಗಿನಿಂದ, ಯಾವ ಸೈಟಿಗೆ ಹೋದರೂ ನನ್ನ ಕಣ್ಣು ಮೊದಲು ಹಿಂಬದಿಗೇ ಹೋಗುತ್ತಿತ್ತು. ಒಡೆದ ಇಟ್ಟಿಗೆ, ಒದ್ದೆಯಾಗಿ ಗಡ್ಡೆಕಟ್ಟಿದ ಸಿಮೆಂಟ್ ಚೀಲ, ಮೊಳದುದ್ದದ ಕಂಬಿ ತುಂಡು, ಗಟ್ಟಿಯಾಗಿ ಹೋದ ಗಾರೆ. ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಬೆಳೆದವಳು. ನಮ್ಮಲ್ಲಿ ಎಳೆ ಕಡಿದರೆ ಗಂಟು ಹಾಕಬೇಕು, ಉಳಿದ ಗೇಣುದ್ದವನ್ನೂ ಸುತ್ತಿಡಬೇಕು. ನೆಲದ ಮೇಲೆ ಬಿದ್ದ ಎಳೆಯನ್ನು ತುಳಿದರೆ ಅವ್ವ ಬೆನ್ನಿಗೆ ಒಂದು ಬಿಡುತ್ತಿದ್ದಳು. ಅಂಥ ಮನೆಯವಳು ಅರ್ಧ ಟ್ರಾಕ್ಟರ್ ಮರಳು ಮಳೆಗೆ ಕೊಚ್ಚಿಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ಹೇಗಾಗುತ್ತದೆ? ಬಾಯಿಗೆ ಬಂದದ್ದು ಬಯ್ಯುತ್ತಿದ್ದೆ.

ಹನೂರಿನ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವ ಕೆಲಸ ಬಂದಾಗ, ಕಾಂಟ್ರಾಕ್ಟರ್ ನನ್ನನ್ನು ಮೈಸೂರಿಗೆ ಎರಡು ದಿನದ ತರಬೇತಿಗೆ ಕಳಿಸಿದರು. ಲೀನ್ ಕನ್‌ಸ್ಟ್ರಕ್ಷನ್ ಅಂತ ಅದರ ಹೆಸರು. ಪೋಲಾಗದ ಹಾಗೆ ಕಟ್ಟುವುದು ಹೇಗೆ ಅನ್ನುವುದೇ ಅದರ ತಿರುಳು. ಬೇಕಾದಷ್ಟೇ ಸಾಮಾನು, ಬೇಕಾದ ದಿನಕ್ಕೆ ತರಿಸಬೇಕು. ನಾಳೆ ಯಾರು ಯಾವ ಕೆಲಸ ಮುಗಿಸುತ್ತಾರೆ ಅಂತ ಅವರ ಬಾಯಿಂದಲೇ ಹೇಳಿಸಿ ಬೋರ್ಡಿನ ಮೇಲೆ ಬರೆಯಬೇಕು. ಕಟ್ಟಿ ಒಡೆಯುವುದು, ಸುಮ್ಮನೆ ಕಾಯುತ್ತ ನಿಲ್ಲುವುದು, ಒಂದೇ ಇಟ್ಟಿಗೆಯನ್ನು ಮೂರು ಸಲ ಹೊರುವುದು, ಇವೂ ಪೋಲೇ. ನನಗೆ ನಮ್ಮ ಮನೆಯ ಮಾತನ್ನೇ ಯಾರೋ ಪ್ಯಾಂಟು ಶರ್ಟು ಹಾಕಿಕೊಂಡು ಹೇಳುತ್ತಿದ್ದಾರೆ ಅನ್ನಿಸಿತು. ಕುಣಿದಾಡುತ್ತ ವಾಪಸ್ಸು ಬಂದೆ.

ಬಂದವಳೇ ಶುರು ಹಚ್ಚಿಕೊಂಡೆ. ಎಂ-ಸ್ಯಾಂಡ್ ಮರಳನ್ನು ಎರಡು ದಿನಕ್ಕಾಗುವಷ್ಟು ಮಾತ್ರ ತರಿಸಿದೆ. ಕಂಬಿ ಕತ್ತರಿಸುವ ಮೊದಲೇ ಯಾವ ಉದ್ದ ಎಲ್ಲಿಗೆ ಅಂತ ಪಟ್ಟಿ ಮಾಡಿ, ಉಳಿದ ತುಂಡು ಕಂಬಿಗಳನ್ನು ಬಿಗಿಯುವ ಸಣ್ಣ ರಿಂಗುಗಳಿಗೆ ಆಗುವ ಹಾಗೆ ಹೊಂದಿಸಿದೆ. ಸಂಜೆ ಐದಕ್ಕೆ ಎಲ್ಲರನ್ನೂ ಬೋರ್ಡಿನ ಮುಂದೆ ಸೇರಿಸಿದೆ. ನಮ್ಮ ಮೇಸ್ತ್ರಿ ಯಳಂದೂರಿನ ಕಡೆಯವರು, ನಮ್ಮಪ್ಪನ ವಯಸ್ಸು. ಮೊದಲ ದಿನ ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಪಟ್ಟಿ ಬರ್ದು ಮನೆ ಕಟ್ಟದ ಇದೇ ಮೊದ್ಲು ನೋಡ್ತಿರದು ಮೇಡಮ್ಮೋರೆ" ಅಂದರು. ಎರಡು ವಾರದಲ್ಲಿ ಅವರೇ ಪಟ್ಟಿ ಕೇಳಿ ಇಸಿದುಕೊಳ್ಳತೊಡಗಿದರು. ಹಿಂಬದಿಯ ಗುಡ್ಡೆ ಕಣ್ಣಿಗೆ ಕಾಣುವ ಹಾಗೆ ಕರಗಿತು. ಪ್ರತಿ ಶನಿವಾರ ಅದರ ಫೋಟೋ ತೆಗೆದು ಕಾಂಟ್ರಾಕ್ಟರಿಗೆ ವಾಟ್ಸಾಪ್ ಮಾಡುತ್ತಿದ್ದೆ. ಅವರು ಒಂದು ಹೆಬ್ಬೆಟ್ಟು ಕಳಿಸಿದರೆ ನನಗೆ ಎರಡು ಕೊಂಬು ಮೂಡುತ್ತಿದ್ದವು.

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ನಾನು ಇನ್ನೊಂದು ನಿಯಮ ಮಾಡಿದೆ, ಅದನ್ನು ಮೈಸೂರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕಲಸಿದ ಗಾರೆಯಾಗಲಿ ಕಾಂಕ್ರೀಟಾಗಲಿ ಯಾರ ಕೈಯಿಂದ ಹಿಂಬದಿಯ ಕಸದ ಗುಂಡಿಗೆ ಬೀಳುತ್ತದೋ, ಅವರು ಸಂಜೆ ಎಲ್ಲರ ಮುಂದೆ ನಿಂತು ಯಾಕೆ ಅಂತ ಹೇಳಬೇಕು. ಗೋಪಿನಾಥಂ ಕಡೆಯಿಂದ ಬಂದ ಒಬ್ಬ ಹೆಣ್ಣಾಳು ಇದ್ದಳು. ಕನ್ನಡ ತಮಿಳು ಕಲಸಿ ಮಾತಾಡುವವಳು, ಸೊಂಟದಲ್ಲಿ ಎಂಟು ತಿಂಗಳ ಕೂಸು. ಒಂದು ದಿನ ಮಗುವಿಗೆ ಹಾಲು ಕೊಡಲು ಹೋಗಿ ಎರಡು ಬಾಂಡ್ಲಿ ಗಾರೆ ಒಣಗಿಸಿಬಿಟ್ಟಳು. ಅವಳನ್ನು ನಿಲ್ಲಿಸಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಗಂಡಾಳುಗಳು ನೆಲ ನೋಡಿದರು. ನನಗೆ ಆ ಹೊತ್ತಿನಲ್ಲಿ, ಅಬ್ಬಾ, ಶಿಸ್ತು ಬಂತು ಅಂತಲೇ ಅನ್ನಿಸಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕೆಳಗಿನ ಅಂತಸ್ತಿಗೆ ಹತ್ತು ಪಿಲ್ಲರ್. ಕೊನೆಯ ನಾಲ್ಕಕ್ಕೆ ಕಾಂಕ್ರೀಟು ಹಾಕುವ ದಿನ ನಾನು ಯಳಂದೂರಿನ ಇನ್ನೊಂದು ಕೆಲಸಕ್ಕೆ ಅಳತೆ ತೆಗೆಯಲು ಹೋಗಬೇಕಾಯಿತು. ಬೆಳಿಗ್ಗೆ ಮೊದಲ ಕಾಂಕ್ರೀಟಿನಲ್ಲಿ ಪರೀಕ್ಷೆಯ ಕ್ಯೂಬು, ಅಂದರೆ ಆಮೇಲೆ ಒತ್ತಿ ಬಲ ನೋಡುವ ಅಚ್ಚು, ತುಂಬಿಸಿಟ್ಟು ಹೊರಟೆ. ಸಂಜೆ ಬಂದು ನೋಡಿದರೆ ನಾಲ್ಕೂ ನಿಂತಿದ್ದವು, ಗುಂಡಿಗೆ ಒಂದು ಬೊಗಸೆಯಷ್ಟೂ ಬಿದ್ದಿರಲಿಲ್ಲ. ಮಿಕ್ಸರಿನ ಬೆಲ್ಟ್ ಕಿತ್ತುಹೋಗಿತ್ತಂತೆ, ಆದರೂ ಕೆಲಸ ಮುಗಿಸಿದ್ದರು. ಎಲ್ಲರಿಗೂ ಬಜ್ಜಿ ತರಿಸಿಕೊಟ್ಟೆ. ಮೇಸ್ತ್ರಿ ಬಜ್ಜಿ ತಿನ್ನಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದರು. ಕ್ಯೂಬು ಪಾಸಾಯಿತು. ಅವುಗಳ ಮೇಲೆ ಮೋಲ್ಡಿನ ಚಾವಣಿಯೂ ಹಾಕಿಯಾಯಿತು. ಮೋಲ್ಡಿನ ಕೆಳಗೆ ಸೆಂಟ್ರಿಂಗಿನ ಕಂಬಗಳು ಒತ್ತೊತ್ತಾಗಿ ನಿಂತು ಭಾರ ಹೊತ್ತಿದ್ದವು. ಒಂದು ಸೋಮವಾರ ಆ ಕಂಬಗಳನ್ನು ಬಿಚ್ಚುವುದು ಅಂತ ಬೋರ್ಡಿನ ಮೇಲೆ ಬರೆದೆ. ಅವತ್ತು ಕಾಂಟ್ರಾಕ್ಟರ್ ಬೇರೆ ಇಬ್ಬರು ಕಾಂಟ್ರಾಕ್ಟರುಗಳನ್ನು ನನ್ನ ಸೈಟು ತೋರಿಸಲು ಕರೆದುಕೊಂಡು ಬರುವವರಿದ್ದರು.

ಅದರ ಹಿಂದಿನ ಗುರುವಾರ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿತ್ತು. ಆ ಹೆಣ್ಣಾಳು ಮಗುವಿನ ಜೋಳಿಗೆಯನ್ನು ಆಚೆ ಒಂದು ಒಣಕಲು ಜಾಲಿಮರಕ್ಕೆ ಕಟ್ಟಿದ್ದಳು. ಮಗುವಿನ ಮುಖ ಕೆಂಪಗಾಗಿತ್ತು. ಉಳಿದವರೂ ಅಲ್ಲೇ ಸುತ್ತ ಕೂತು ಉಣ್ಣುತ್ತಿದ್ದರು. ಹೊಸ ಮೋಲ್ಡಿನ ಕೆಳಗೆ ಅಷ್ಟು ತಣ್ಣಗಿನ ನೆರಳಿದ್ದರೂ ಅಲ್ಲಿ ಒಬ್ಬರೂ ಇರಲಿಲ್ಲ.

"ಏನಮ್ಮಿ, ಮಗೀನ ಬಿಸ್ಲಲ್ಲಿ ಬೇಯಿಸ್ತಿದ್ದೀಯಲ್ಲ, ಒಳಗೆ ತಂದು ಕಟ್ಟು" ಅಂದೆ.

"ಅಲ್ಲಿ ಬ್ಯಾಡಕ್ಕಾ."

"ಯಾಕೆ?"

"ಸುಮ್ಕ. ಇಲ್ಲೇ ಗಾಳಿ ಬತ್ತದ."

ಗಾಳಿಯ ಸುಳಿವೇ ಇರಲಿಲ್ಲ. ನನ್ನ ಬುದ್ಧಿ ಗೊತ್ತಲ್ಲ, ಬಿಡಲಿಲ್ಲ. ಅವಳನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ಕರೆದು ಕೇಳಿದೆ. ಅವಳು ಅತ್ತ ಇತ್ತ ನೋಡಿ, "ನಾನೇಳ್ದೆ ಅಂತ ಮೇಸ್ತ್ರಿಗ ಏಳ್ಬ್ಯಾಡಿ" ಅಂದಳು. ಆಮೇಲೆ ಹೇಳಿದಳು.

"ಪಿಲ್ಲರ್ ಆಕ್ದ ದಿನ ಬೆಲ್ಟ್ ಕಿತ್ತೋಯ್ತಲ್ಲಕ್ಕಾ, ಅರೆಬರೆ ಕಲ್ಸಿದ್ದು ಅಂಗೇ ಬಿಸ್ಲಲ್ಲಿ ಬಿದ್ದಿತ್ತು. ಬೆಲ್ಟ್ ತಂದು ಆಕಿ, ಉಂಡ್ಕ ಬರೋ ಒತ್ಗ ಕಲ್ಲಾಗ್ಬುಟ್ಟಿತ್ತು. ಬಿಸಾಕದಾ ಅಂತ ನಾನೇ ಕೇಳ್ದಿ. ಗುಂಡೀಲಿ ಅಷ್ಟು ಬಿದ್ದಿರದ್ನ ನೀವು ನೋಡುದ್ರ ಸುಮ್ಕಿರ್ತೀರಾ? ಅದ್ಕ ನೀರುಯ್ದು ಇನ್ನೊಂದ್ಸಲ ಕಲ್ಸಿ ಆಕ್ಬುಟ್ರು."

"ಯಾವ ಪಿಲ್ಲರ್‌ಗೆ?"

"ನಂಗ ಗೊತ್ತಿಲ್ಲ. ಬಾಂಡ್ಲಿ ಎತ್ಕೊಡದಷ್ಟೇ ನಂದು. ನನ್ ಪಾಪಾವ ಮಾತ್ರ ಅಲ್ಲಿ ಮಲಗ್ಸಲ್ಲ."

ಗಟ್ಟಿಯಾಗಲು ಹಿಡಿದ ಕಾಂಕ್ರೀಟಿಗೆ ನೀರು ಹಾಕಿ ಮತ್ತೆ ಕಲಸಿದರೆ ಅದು ನೋಡಲು ಕಾಂಕ್ರೀಟೇ, ಆದರೆ ಸತ್ತ ಕಾಂಕ್ರೀಟು. ಒಣಗುತ್ತದೆ, ಬಿಗಿಯುವುದಿಲ್ಲ. ಅದನ್ನು ಎಸೆಯಬೇಕು ಅಂತ ಗಾರೆ ಕೆಲಸ ಮಾಡಿದ ಯಾರಿಗೆ ಬೇಕಾದರೂ ಗೊತ್ತು. ಅದನ್ನು ಪಿಲ್ಲರ್ ಒಳಗೆ ತುಂಬಿಸಿದ್ದರು. ಸೈಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಆ ನೆರಳಿಗೆ ಕಾಲಿಡುತ್ತಿರಲಿಲ್ಲ. ಗೊತ್ತಿಲ್ಲದವಳು ನಾನೊಬ್ಬಳೇ, ದಿನಾ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಪಟ್ಟಿ ಬರೆಯುತ್ತಿದ್ದೆ.

ಆ ಕ್ಷಣವೇ ಕಾಂಟ್ರಾಕ್ಟರಿಗೆ ಫೋನು ಮಾಡಿದೆ ಅಂತ ಬರೆಯಲು ಆಸೆ. ಮಾಡಲಿಲ್ಲ. ಹೆದರಿದೆ. ಸೋಮವಾರ ಬರುವವರು, ನಾನು ಕಳಿಸಿದ ಫೋಟೋಗಳು, ಆ ಹೆಬ್ಬೆಟ್ಟುಗಳು, ಎಲ್ಲ ಕಣ್ಣ ಮುಂದೆ ಬಂದವು. ಕೆಲಸದಿಂದ ತೆಗೆದರೆ ಮನೆಯಲ್ಲಿ ಏನು ಹೇಳಲಿ ಅಂತಲೂ ಅನ್ನಿಸಿತು. ಇರಲಿ, ಅವಳು ಏನೋ ತಪ್ಪು ತಿಳಿದಿರಬೇಕು, ಒಂದೆರಡು ಬಾಂಡ್ಲಿ ಇರಬಹುದು ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಸಂಜೆ ಬಸ್ಸಿನಲ್ಲಿ ಕಾಮಗೆರೆ ಹತ್ತಿರ ಹೈಸ್ಕೂಲಿನ ಹುಡುಗಿಯರು ಹತ್ತಿದರು. ಎರಡು ಜಡೆ, ಭಾರದ ಬ್ಯಾಗು. ಸೀಟಿಲ್ಲದೆ ನನ್ನ ಪಕ್ಕದ ಕಂಬಿಗೆ ಒರಗಿ ನಿಂತು ಏನೋ ನಗುತ್ತಿದ್ದರು. ಇವರಲ್ಲಿ ಯಾರು ಆ ಹಾಸ್ಟೆಲಿನ ಮೇಲಂತಸ್ತಿನಲ್ಲಿ ಚಾಪೆ ಹಾಸುತ್ತಾರೋ ಅಂತ ಯೋಚನೆ ಬಂತು. ಅದಕ್ಕೂ ಮೊದಲು ಸೋಮವಾರ ಇತ್ತು. ಆಧಾರದ ಕಂಬ ಬಿಚ್ಚುವಾಗ ಮೋಲ್ಡಿನ ಕೆಳಗೆ ಇರುವವರು ನಮ್ಮ ಆಳುಗಳೇ.

ಶುಕ್ರವಾರ ಮೇಸ್ತ್ರಿಯನ್ನು ಸುತ್ತುಬಳಸಿ ಕೇಳಿದೆ. "ಪಿಲ್ಲರ್ ಹಾಕಿದ ದಿನ ಎಲ್ಲ ಸರಿಯಾಗಿ ಆಯ್ತಲ್ಲ?"

"ಆಗ್ದೆ ಏನ್ ಮೇಡಮ್ಮೋರೆ? ಕ್ಯೂಬು ಪಾಸಾಯ್ತಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ಟವೆಲ್ಲಿಗೆ ಹೋಯಿತು. ಕ್ಯೂಬಿನ ಮಾತು ನಾನು ಎತ್ತೇ ಇರಲಿಲ್ಲ. ಕ್ಯೂಬಿನಲ್ಲಿದ್ದದ್ದು ಬೆಳಗಿನ ಕಾಂಕ್ರೀಟು, ಕೆಟ್ಟದ್ದು ಮಧ್ಯಾಹ್ನದ್ದು. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬೇರೆ ಬೇರೆ ಕಡೆ ಹೋದೆವು.

ಶನಿವಾರ ಬೆಳಿಗ್ಗೆ ಆಳುಗಳು ಬರುವ ಮೊದಲೇ ಸೈಟಿಗೆ ಹೋದೆ. ಸುತ್ತಿಗೆ ತೆಗೆದುಕೊಂಡು ಆ ನಾಲ್ಕು ಪಿಲ್ಲರುಗಳನ್ನು ಬಡಿದು ಕಿವಿಗೊಟ್ಟೆ. ಗಟ್ಟಿ ಕಾಂಕ್ರೀಟು ಠಣ್ ಅನ್ನುತ್ತದೆ, ಟೊಳ್ಳಾದರೆ ದೊಬ್ ಅನ್ನುತ್ತದೆ ಅಂತ ಓದಿದ್ದೆ. ಹೆದರಿದವಳ ಕಿವಿಗೆ ನಾಲ್ಕೂ ದೊಬ್ ಅಂದವು. ಒಂದನೆಯದನ್ನು ಮತ್ತೆ ಬಡಿದೆ. ಮೂರನೆಯದಕ್ಕೆ ವಾಪಸ್ಸು ಬಂದೆ. ಬಡಿಯುತ್ತ ಬಡಿಯುತ್ತ, ಇದೇ ಏಟಿಗೆ ಮೇಲಿನದು ಇಳಿದುಬಿಟ್ಟರೆ ಅನ್ನಿಸಿ ಕೈ ನಿಂತಿತು.

"ಅದಲ್ಲ. ಬುಡಿ" ಅಂತ ಹಿಂದಿನಿಂದ ದನಿ ಬಂತು.

ಮೇಸ್ತ್ರಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವರು ನೇರ ಪೂರ್ವದ ಮೂಲೆಯ ಪಿಲ್ಲರ್ ಹತ್ತಿರ ಹೋಗಿ ಸೊಂಟದೆತ್ತರದಲ್ಲಿ ಅಂಗೈ ಇಟ್ಟರು. "ಇದು. ಇಲ್ಲಿಂದ ಮ್ಯಾಕ್ಕ."

ನನಗೆ ಬಂದ ಕೋಪಕ್ಕೆ ಸುತ್ತಿಗೆ ಎತ್ತಿ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಸಿಮೆಂಟ್ ಚೀಲದ ಮೇಲೆ ಕೂತೆ. "ಗೊತ್ತಿದ್ದೂ ಯಾಕೆ ಹಾಕಿದ್ರಿ? ನಿಮಗಿಂತ ನನಗೆ ಜಾಸ್ತಿ ಗೊತ್ತಾ?"

"ಗೊತ್ತಿಲ್ದೆ ಆಕ್ಲಿಲ್ಲ ಕಣವ್ವ. ಬಿಸಾಕಿ ಅಂತ ಬಾಯ್ಗ ಬಂದಿತ್ತು. ಆ ಎಣ್ಣಾಳ ನೀವು ನಿಲ್ಸಿ ಕೇಳುದ್ರಲ್ಲ, ಅದು ಕಣ್ಮುಂದ ಬಂತು. ನನ್ ತಲೆ ನೆರ್ತದ. ನನ್ ಕೈ ಕೆಳ್ಗ ಕಲ್ತೋರೆಲ್ಲ ಅಲ್ಲೇ ನಿಂತಿರ್ತಾರ. ಅವರ್ ಮುಂದ ನಾನು ಕೈ ಕಟ್ಕಂಡು ನಿಂತ್ಕಳದಾ?" ಅಂದರು.

"ಸೋಮವಾರ ಏನ್ ಮಾಡ್ಬೇಕು ಅಂತಿದ್ರಿ?"

"ಎಲ್ರನ್ನೂವ ಆಚ್ಗ ಕಳ್ಸಿ ಈ ಮೂಲೆ ಕಂಬ ನಾನೊಬ್ನೇ ಬಿಚ್ಬೇಕು ಅಂತಿದ್ದಿ. ಬೀಳದಾದ್ರ ನನ್ ಮ್ಯಾಲ ಬೀಳ್ಲಿ ಅಂತ."

ಅವರು ಇದನ್ನು ನಾಳೆ ಸಂತೆಗೆ ಹೋಗುತ್ತೇನೆ ಅನ್ನುವ ದನಿಯಲ್ಲಿ ಹೇಳಿದರು. ಇಷ್ಟು ದಿನ ಆ ಮನುಷ್ಯ ಎಷ್ಟು ಹೆದರಿ ಬದುಕಿದ್ದಾರೆ ಅಂತ ನನಗೆ ಆಗ ತಿಳಿಯಿತು. ನನಗೆ ಎರಡು ದಿನ ಅನ್ನ ಸೇರಿರಲಿಲ್ಲ, ಅವರು ಆ ಬಜ್ಜಿ ದಿನದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ತರಬೇತಿಯಲ್ಲಿ ಒಂದು ಮಾತು ಹೇಳಿದ್ದರು. ತಪ್ಪು ಕಂಡರೆ ಬಾಂಡ್ಲಿ ಹೊರುವವಳು ಕೂಡ ಕೆಲಸ ನಿಲ್ಲಿಸಿ ಅಂತ ಹೇಳುವ ಹಾಗಿರಬೇಕು ಅಂತ. ನಾನು ಅದನ್ನು ದುಂಡಗೆ ಬರೆದುಕೊಂಡಿದ್ದೆ, ಬರೆದುಕೊಂಡದ್ದಷ್ಟೇ.

ಅಲ್ಲೇ ಕೂತು ಕಾಂಟ್ರಾಕ್ಟರಿಗೆ ಫೋನು ಮಾಡಿದೆ. ಮೇಸ್ತ್ರಿ ಮಾಡಿದರು ಅನ್ನಲಿಲ್ಲ, ನನ್ನ ನಿಯಮಕ್ಕೆ ಹೆದರಿ ಹೀಗಾಯಿತು ಅಂದೆ. ಕಾಂಟ್ರಾಕ್ಟರ್ ಬಯ್ಯಲಿಲ್ಲ. "ನಿಮಗೆ ಯಾವತ್ತಿಂದ ಗೊತ್ತು?" ಅಂತ ಕೇಳಿದರು.

"ಗುರುವಾರದಿಂದ."

"ಗುರುವಾರದಿಂದ" ಅಂತ ಅವರೂ ಅಂದರು. ಆಮೇಲೆ, "ಒಳಗೆ ಒಂದು ನರಪಿಳ್ಳೆಯೂ ಹೋಗಬಾರದು. ನಾನು ಬರುತ್ತೇನೆ" ಅಂದರು. ಆ ಗುರುವಾರ ಅನ್ನುವ ಮಾತು ಬಯ್ಗುಳಕ್ಕಿಂತ ಜಾಸ್ತಿ ನೋಯಿಸಿತು.

ಸೋಮವಾರ ಬರಬೇಕಿದ್ದ ಕಾಂಟ್ರಾಕ್ಟರುಗಳ ಭೇಟಿ ನಿಂತುಹೋಯಿತು. ಡಿಸೈನ್ ಮಾಡಿದ ಎಂಜಿನಿಯರ್ ಮೈಸೂರಿನಿಂದ ಬಂದರು. ಮೂಲೆಯ ಸುತ್ತ ಮೋಲ್ಡಿಗೆ ಆಸರೆಯಾಗಿ ಕಬ್ಬಿಣದ ಜಾಕಿಗಳನ್ನು ನಿಲ್ಲಿಸಿದರು. ಪಿಲ್ಲರನ್ನು ಒಡೆಯುವುದು ಅಂತಾಯಿತು. ಬೇರೆಯವರು ಬೇಡ ಅಂತ ಮೇಸ್ತ್ರಿಯೇ ಉಳಿ ಹಿಡಿದರು. ಸೊಂಟದೆತ್ತರದ ಕೆಳಗೆ ಕಾಂಕ್ರೀಟು ಉಳಿಗೆ ಕಿಡಿ ಹಾರಿಸಿತು. ಮೇಲೆ ಎರಡನೆಯ ಏಟಿಗೇ ಹಳೇ ಬೆಲ್ಲದ ಅಚ್ಚಿನ ಹಾಗೆ ಉದುರತೊಡಗಿತು. ನಾನು ಕೈ ಹಾಕಿದೆ. ಒಂದು ಜಲ್ಲಿಕಲ್ಲು ಬೆರಳಿಗೆ ಸಿಕ್ಕಿ ಹಾಗೇ ಕಿತ್ತು ಬಂತು. ಹೊರಗೆ ಓಡಿದೆ. ಅಷ್ಟು ದಿನ ನಾನು ಕುರ್ಚಿ ಹಾಕುತ್ತಿದ್ದ ಜಾಗ ಆ ಪಿಲ್ಲರಿಗೆ ನಾಲ್ಕೇ ಮಾರು ದೂರ.

ಉಳಿದ ಒಂಬತ್ತನ್ನೂ ಉಪಕರಣ ಇಟ್ಟು ಪರೀಕ್ಷೆ ಮಾಡಿದರು, ಎಲ್ಲ ಸರಿಯಿದ್ದವು. ಮೂಲೆಯದನ್ನು ಹೊಸದಾಗಿ ಕಟ್ಟಿ, ದಿನಾ ನೀರು ಕುಡಿಸಿ, ಅದಕ್ಕೂ ಪರೀಕ್ಷೆ ಮಾಡಿ, ಆಮೇಲೆ ಕಂಬ ಬಿಚ್ಚುವ ದಿನ ಬಂತು. ಎಂಜಿನಿಯರ್ ಆಯಿತು ಅಂದಿದ್ದರೂ ನನ್ನ ಎದೆ ನಂಬಲಿಲ್ಲ. ಆಳುಗಳನ್ನೆಲ್ಲ ಜಾಲಿಮರದ ಹತ್ತಿರ ನಿಲ್ಲಿಸಿದೆವು. ಮೂಲೆಗೆ ಮೇಸ್ತ್ರಿ ಹೋದರು, ನಾನೂ ಹೋದೆ. "ಆಚ್ಗ ಓಗವ್ವ" ಅಂದರು. ಹೋಗಲಿಲ್ಲ. ಒಂದೊಂದೇ ಕಂಬ ಸಡಿಲಿಸುತ್ತ ಬಂದರು. ಕೊನೆಯದನ್ನು ಎಳೆದಾಗ ಮೇಲಿಂದ ಸ್ವಲ್ಪ ಪುಡಿ ಉದುರಿತು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಮೇಸ್ತ್ರಿ ಟವೆಲ್ಲಿನಲ್ಲಿ ಮುಖ ಒತ್ತಿಕೊಂಡು ನಿಂತಿದ್ದರು.

ಅವತ್ತು ಸಂಜೆ ಬೋರ್ಡಿನ ಮುಂದೆ ನನ್ನ ನಿಯಮವನ್ನು ತೆಗೆದುಹಾಕಿದೆ. ತಪ್ಪು ನನ್ನದು ಅಂದೆ. ಕಾಂಕ್ರೀಟು ಗಟ್ಟಿಯಾಗಲು ಹಿಡಿದರೆ ಗುಂಡಿಗೆ ಹಾಕಿ, ಯಾರೂ ಕೇಳುವುದಿಲ್ಲ, ಎಷ್ಟು ಬೇಕಾದರೂ ಹಾಕಿ ಅಂದೆ. ಎಲ್ಲರೂ ತಲೆಯಾಡಿಸಿದರು. ಕಾಂಟ್ರಾಕ್ಟರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸದ್ಯ, ದೊಡ್ಡದೊಂದು ಗಂಡಾಂತರ ಕಳೆಯಿತು, ಇನ್ನು ಭಯವಿಲ್ಲ ಅಂದುಕೊಂಡೆ.

ಮೇಲಂತಸ್ತಿನ ಪಿಲ್ಲರುಗಳಿಗೆ ಕಾಂಕ್ರೀಟು ಹಾಕುವ ದಿನ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಕಲಸಿಟ್ಟದ್ದಕ್ಕೆ ನೀರು ತುಂಬಿ ಅಂಬಲಿಯಾಯಿತು. ಮಳೆ ನಿಂತ ಮೇಲೆ ಮೇಸ್ತ್ರಿ ಅದನ್ನು ಕರಣೆಯಿಂದ ಕೆದಕಿ, ತಲೆಯೆತ್ತಿ ನನ್ನನ್ನು ನೋಡಿದರು.

"ಬಿಸಾಕಿ" ಅಂದೆ.

ಗೋಪಿನಾಥಂ ಕಡೆಯವಳು ಮೊದಲ ಬಾಂಡ್ಲಿ ಹೊತ್ತು ಗುಂಡಿಯ ಹತ್ತಿರ ಹೋದಳು. ಹೋಗಿ ನಿಂತಳು. ತಿರುಗಿ ನನ್ನ ಮುಖ ನೋಡಿದಳು.

"ಹಾಕಮ್ಮಿ" ಅಂದೆ. ಅವಳು ಹೂಂ ಅಂದಳು, ಆದರೂ ಬಾಂಡ್ಲಿ ತಲೆಯ ಮೇಲೇ ಇತ್ತು. ಬದಿಯಿಂದ ಸಿಮೆಂಟಿನ ನೀರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು. "ನಾನೇ ಹೇಳ್ತಿದ್ದೀನಲ್ಲ, ಹಾಕು." ಅವಳ ಕೈ ಅಲ್ಲಾಡಲಿಲ್ಲ. ಅವಳ ಹಿಂದೆ ಸಾಲಾಗಿ ಬಾಂಡ್ಲಿ ಹೊತ್ತವರೂ ಗುಂಡಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಪಿಲ್ಲರಿನ ಪಕ್ಕದಲ್ಲಿ ನಿಂತಾಗಲೂ ಆಗದಷ್ಟು ಭಯ ನನಗೆ ಆಗ ಆಯಿತು. ಇವತ್ತು ನಾನಿದ್ದೇನೆ, ಇಲ್ಲದ ದಿನ ಈ ಬಾಂಡ್ಲಿ ಎಲ್ಲಿಗೆ ಹೋಗುತ್ತದೆ?

ಅವರಿಗೆ ಬೆನ್ನು ಹಾಕಿ ನಿಂತೆ. ಆಗ ಗುಂಡಿಯೊಳಗೆ ಕಾಂಕ್ರೀಟು ಬಿದ್ದ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು, ಮತ್ತೊಂದು. ಎಲ್ಲ ಮುಗಿಯುವವರೆಗೂ ನಾನು ತಿರುಗಲಿಲ್ಲ.